ಎಲ್ಲದಕ್ಕೂ ‘ಪುಟ್’ ಬರುತ್ತಿದ್ದರೆ

ಸಂದರ್ಶನಕ್ಕೆ ಇಂಗ್ಲಿಷ್ ವಾಕ್ಯ ಬರೆದುಕೊಳ್ಳುವಾಗ ಎಲ್ಲದಕ್ಕೂ ‘ಪುಟ್’ ಎಂದೇ ಬರುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ತೊಡಕಿರುವುದು ಇಂಗ್ಲಿಷಿನಲ್ಲಲ್ಲ, ನಮ್ಮ ‘ಹಾಕು’ ಪದದಲ್ಲಿ. ಬೀಗ, ಫ್ಯಾನು, ಅಂಗಿ, ಅರ್ಜಿ, ದೋಸೆಗೆ ಬೆಣ್ಣೆ: ನಮ್ಮ ದಾವಣಗೆರೆಯಲ್ಲಿ ಎಲ್ಲವನ್ನೂ ‘ಹಾಕು’ತ್ತೇವೆ. ಸಂದರ್ಶನಕ್ಕೆಂದು ನೀವು ಬರೆದುಕೊಂಡ ‘ಐ ಪುಟ್ ದ ಲಾಕ್’, ‘ಐ ಪುಟ್ ಅಪ್ಲಿಕೇಶನ್’ ಹುಟ್ಟಿದ್ದು ಅಲ್ಲಿಂದಲೇ.

ಮೊದಲು ಕೇಳಿಕೊಳ್ಳಿ: ವಸ್ತು ಒಂದು ಜಾಗಕ್ಕೆ ಹೋಯಿತೇ? ಹೋಗಿದ್ದರೆ ‘ಪುಟ್’ ಸರಿ, ಆದರೆ ಜಾಗವನ್ನೂ ಹೇಳಲೇಬೇಕು: ‘ಐ ಪುಟ್ ದ ಫೈಲ್ ಆನ್ ದ ಟೇಬಲ್’. ‘ಐ ಪುಟ್ ದ ಫೈಲ್’ ಎಂದಷ್ಟಕ್ಕೇ ಬಿಟ್ಟರೆ ವಾಕ್ಯ ಅರ್ಧಕ್ಕೇ ನಿಂತಂತೆ.

ಜಾಗವಿಲ್ಲದಿದ್ದರೆ ‘ಹಾಕು’ ಮರೆತು, ನಡೆದದ್ದೇನು ನೋಡಿ. ಬಾಗಿಲಿಗೆ ‘ಲಾಕ್’, ಫ್ಯಾನಿಗೆ ‘ಸ್ವಿಚ್ ಆನ್’, ಸಹಿಗೆ ಬರೀ ‘ಸೈನ್’. ಜಾಗಕ್ಕೆ ಹೋದಾಗಲೂ ಹೇಗೆ ಹೋಯಿತೆಂದು ನೋಡಿ: ಎಣ್ಣೆ ಹುಯ್ದರೆ ‘ಪೋರ್’, ಬೆಣ್ಣೆ ಸವರಿದರೆ ‘ಸ್ಪ್ರೆಡ್’, ದೋಸೆಯ ಮೇಲೆ ಬೆಣ್ಣೆಮುದ್ದೆ ಇಟ್ಟರೆ ‘ಪುಟ್’ (ನಮ್ಮೂರ ದೋಸೆಗೆ ಎರಡೂ ಬೇಕು!). ಹೆಚ್ಚು ಜನ ಎಡವುವುದು ಬಟ್ಟೆಯಲ್ಲಿ: ತೊಡುವ ಕ್ರಿಯೆ ‘ಪುಟ್ ಆನ್’, ತೊಟ್ಟಿರುವ ಸ್ಥಿತಿ ‘ವೇರ್’. ಕುರ್ಚಿಯಲ್ಲಿ ಕೂತು ‘ಐ ಆ್ಯಮ್ ಪುಟಿಂಗ್ ಆನ್ ಎ ವೈಟ್ ಶರ್ಟ್’ ಎಂದರೆ ಅಲ್ಲೇ ಅಂಗಿ ತೊಡುತ್ತಿದ್ದೀರಿ ಎಂದಾಗುತ್ತದೆ.

ಅರ್ಜಿ ಯಾವುದೆಂದು ನೀವು ತಿಳಿಸಿಲ್ಲ. ಕೆಲಸಕ್ಕಾದರೆ ‘ಐ ಅಪ್ಲೈಡ್ ಫಾರ್ ದ ಜಾಬ್’, ‘ಫಾರ್’ ಬಿಡಬೇಡಿ. ತುಂಬಿದ ಫಾರಂ ಕಚೇರಿಗೆ ಕೊಟ್ಟದ್ದಾದರೆ ‘ಐ ಸಬ್ಮಿಟೆಡ್ ದ ಫಾರಂ’.