ಆರ್‌ವಿಯಲ್ಲಿ ಕೆನಡಾ ಗಡಿ ದಾಟುವ ಮುನ್ನ

ಪ್ರಶ್ನೆ: ಸಿಯಾಟಲ್ ಹತ್ತಿರ ಇದ್ದೇವೆ. ಜುಲೈನಲ್ಲಿ ಬಾಡಿಗೆ ಆರ್‌ವಿ (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಗಾಡಿ) ತೆಗೆದುಕೊಂಡು ಕೆನಡಾದ ರಾಕಿ ಪರ್ವತಗಳಲ್ಲಿರುವ ಬ್ಯಾನ್ಫ್‌ಗೆ ಹೋಗುವ ಯೋಚನೆ. ನಮ್ಮಿಬ್ಬರಿಗೂ ಎಚ್-1ಬಿ (ಅಮೆರಿಕದ ಉದ್ಯೋಗ ವೀಸಾ), ಪಾಸ್‌ಪೋರ್ಟಿನ ಸ್ಟಾಂಪಿಂಗ್ (ಅಂಟಿಸಿದ ವೀಸಾ) ಅವಧಿ ಮುಗಿದಿದೆ. ಮೈಸೂರಿನಿಂದ ಬಂದಿರುವ ಅಪ್ಪ, ಅಮ್ಮ ಕೂಡ ಜೊತೆಗಿರುತ್ತಾರೆ. ಗಡಿಯಲ್ಲಿ ತೊಂದರೆಯಾಗದಂತೆ ಏನು ಮಾಡಬೇಕು?

ಗಾಡಿ ಬುಕ್ ಮಾಡುವ ಮೊದಲು ವೀಸಾ ವಿಚಾರ ಮುಗಿಸಿಕೊಳ್ಳಿ. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರಿಗೆ ಕೆನಡಾ ವೀಸಾ ಬೇಡ. ಭಾರತದ ಪಾಸ್‌ಪೋರ್ಟಿನ ಮೇಲೆ ಎಚ್-1ಬಿಯಲ್ಲೋ ವಿಸಿಟರ್ ವೀಸಾದಲ್ಲೋ ಅಮೆರಿಕದಲ್ಲಿ ಇರುವವರಿಗೆ ಬೇಕೇ ಬೇಕು. ನಿಮ್ಮ ನಾಲ್ವರಿಗೂ ಬೇಕು. ಇಲ್ಲಿದ್ದುಕೊಂಡೇ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಇಲ್ಲೇ ಬೆರಳಚ್ಚು ಕೊಡಬಹುದು. ವಾರಗಟ್ಟಲೆ ಹಿಡಿಯುವ ಕೆಲಸ, ಆದ್ದರಿಂದ ರದ್ದು ಮಾಡಲು ಬರುವಂಥ ಬುಕಿಂಗ್ ಮಾತ್ರ ಮಾಡಿ.

ವಾಪಸ್ ಬರುವಾಗ ಸ್ಟಾಂಪಿಂಗ್ ಮುಗಿದಿದ್ದರೂ ದಾರಿ ಇದೆ. ಅದಕ್ಕೆ ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಎನ್ನುತ್ತಾರೆ. ಕೆನಡಾದಲ್ಲಿ 30 ದಿನ ಮೀರದೆ ಇದ್ದು, ಐ-94 (ಅಮೆರಿಕದಲ್ಲಿ ಯಾವ ತಾರೀಖಿನವರೆಗೆ ಇರಬಹುದೆಂಬ ಪ್ರವೇಶ ದಾಖಲೆ) ಇನ್ನೂ ಚಾಲ್ತಿಯಲ್ಲಿದ್ದರೆ ಹಳೆಯ ವೀಸಾದ ಮೇಲೆಯೇ ಮರಳಬಹುದು. ಐ-94 ಪ್ರಿಂಟ್ ಮತ್ತು ಐ-797 (ಎಚ್-1ಬಿ ಮಂಜೂರಾತಿ ಪತ್ರ) ಕೈಯಲ್ಲಿರಲಿ. ಹೊರಡುವಾಗ ಐ-94 ಒಪ್ಪಿಸಬೇಡಿ. ಕೆಲವರು ಇಲ್ಲೊಂದು ಎಡವಟ್ಟು ಮಾಡಿಕೊಳ್ಳುತ್ತಾರೆ: ಹೇಗೂ ಹೋಗಿದ್ದೇವಲ್ಲ ಎಂದು ಕೆನಡಾದಲ್ಲಿ ಅಮೆರಿಕ ವೀಸಾಗೆ ಅರ್ಜಿ ಹಾಕುತ್ತಾರೆ. ಹಾಕಿದ ತಕ್ಷಣ ಈ ಸೌಲಭ್ಯ ಹೋಯಿತು, ಹೊಸ ವೀಸಾ ಕೈಗೆ ಬರುವವರೆಗೆ ಅಲ್ಲೇ ಕಾಯಬೇಕು. ಇನ್ನು ಅಪ್ಪ, ಅಮ್ಮನ ವಿಷಯ: ಕೆನಡಾಗೆ ಹೋಗಿಬಂದರೆ ಮತ್ತೆ ಆರು ತಿಂಗಳು ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಅವರ ಐ-94ರಲ್ಲಿರುವ ತಾರೀಖನ್ನೇ ನಂಬಿ ಊರಿಗೆ ಟಿಕೆಟ್ ಮಾಡಿ.

ಬಾಡಿಗೆ ಕರಾರಿನಲ್ಲಿ ಕೆನಡಾ ಪ್ರವೇಶಕ್ಕೆ ಅನುಮತಿ ಇದೆಯೆಂದು ಬರಹದಲ್ಲಿರಬೇಕು, ಗಾಡಿ ಓಡಿಸುವ ಎಲ್ಲರ ಹೆಸರೂ ಇರಬೇಕು. ಕೆನಡಾಕ್ಕೆಂದೇ ಕೊಡುವ ಹಳದಿ ಇನ್ಶೂರೆನ್ಸ್ ಕಾರ್ಡ್ ಕೇಳಿ ಪಡೆಯಿರಿ. ಅಮೆರಿಕದ ಪಾಲಿಸಿ ಕೆನಡಾದ ಕನಿಷ್ಠ ಮೊತ್ತಕ್ಕೆ ಸಾಲುತ್ತದೆ ಎಂಬುದಕ್ಕೆ ಅದೇ ಪುರಾವೆ.

ಗಾಡಿ ಕೈಗೆ ಬಂದ ದಿನ ಒಂದು ಗಂಟೆ ಎತ್ತಿಟ್ಟು ಪ್ರತಿ ಡ್ರಾಯರ್, ಹಾಸಿಗೆಯ ಅಡಿ, ಹೊರಗಿನ ಸ್ಟೋರೇಜ್ ಖಾನೆ ತೆಗೆದು ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕು. ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಗಾಂಜಾ ಗಮ್ಮಿಯೋ (ಗಾಂಜಾ ಬೆರೆಸಿದ ಮಿಠಾಯಿ) ಒಂದು ಗುಂಡೋ ಸಿಕ್ಕರೆ ಉತ್ತರ ಹೇಳಬೇಕಾದವರು ನೀವು. ಗಾಂಜಾ ವಾಷಿಂಗ್ಟನ್‌ನಲ್ಲೂ ಕೆನಡಾದಲ್ಲೂ ಕಾನೂನುಬದ್ಧ, ಆದರೆ ಗಡಿ ದಾಟಿಸುವುದು ಎರಡೂ ಕಡೆಗೆ ಅಪರಾಧ. ಕರಡಿ ಸ್ಪ್ರೇ ಒಯ್ಯಬಹುದು, ಡಬ್ಬಿಯ ಮೇಲೆ ಪ್ರಾಣಿಗಳಿಗೆ ಎಂದು ಬರೆದಿರಬೇಕು. ಮನುಷ್ಯರಿಗೆ ಹೊಡೆಯುವ ಪೆಪ್ಪರ್ ಸ್ಪ್ರೇ ಕೆನಡಾದಲ್ಲಿ ನಿಷೇಧಿತ ಆಯುಧ. ಕೀಚೈನಿನಲ್ಲಿ ತೂಗುವ ಪುಟ್ಟದೂ ಸೇರಿ.

ಬ್ಯಾನ್ಫ್‌ಗೆ ಐ-5 ಹೆದ್ದಾರಿಯ ತುದಿಯ ಪೀಸ್ ಆರ್ಚ್ ಗಡಿ ಠಾಣೆಗಿಂತ ಸುಮಾಸ್ ಗಡಿ ಠಾಣೆಯಲ್ಲಿ ದಾಟುವುದು ಒಳ್ಳೆಯದು. ಅಬಾಟ್ಸ್‌ಫರ್ಡ್‌ನಲ್ಲಿ ಹೈವೇ 1 ಸಿಗುತ್ತದೆ, ವ್ಯಾಂಕೂವರ್ ಟ್ರಾಫಿಕ್ ತಪ್ಪುತ್ತದೆ. ಜುಲೈ 1 ಮತ್ತು 4ರ (ಕೆನಡಾ, ಅಮೆರಿಕಗಳ ರಾಷ್ಟ್ರೀಯ ರಜೆ) ಆಸುಪಾಸು ಬೇಡ. ನೆಕ್ಸಸ್ (ಮೊದಲೇ ತಪಾಸಣೆಯಾಗಿ ಕಾರ್ಡ್ ಪಡೆದವರ) ಲೇನಿಗೆ ಹೋಗಬೇಡಿ. ಗಾಡಿಯಲ್ಲಿರುವ ಪ್ರತಿಯೊಬ್ಬರಿಗೂ ಆ ಕಾರ್ಡ್ ಬೇಕು. ಲೇನ್ ಮೇಲಿನ ಎತ್ತರದ ಫಲಕ ನೋಡಿಯೇ ನುಗ್ಗಿ, ಚಾವಣಿಯ ಎಸಿಯನ್ನೂ ಸೇರಿಸಿ ಲೆಕ್ಕ ಹಾಕಿ. 12 ಅಡಿ ಎಂದರೆ 3.66 ಮೀಟರ್, ಆಚೆ ಫಲಕಗಳೆಲ್ಲ ಮೀಟರಿನಲ್ಲೇ ಇರುವುದರಿಂದ ಅಳತೆಯನ್ನು ಸ್ಟಿಯರಿಂಗ್ ಪಕ್ಕ ಬರೆದು ಅಂಟಿಸಿಕೊಳ್ಳಿ.

ಬೂತ್ ಬರುವ ಮುನ್ನ ಪರದೆ ಸರಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ. ಯಾರೂ ಮೇಲಿನ ಮಂಚದಲ್ಲಿ ಮಲಗಿರಬಾರದು, ಎಲ್ಲರೂ ಬೆಲ್ಟ್ ಹಾಕಿ ಕೂತಿರಲಿ. ಅಧಿಕಾರಿಗೆ ಪ್ರತಿಯೊಬ್ಬರ ಮುಖ ಕಾಣಬೇಕು. ಬೇಕೆನಿಸಿದರೆ ಒಳಗೂ ಬರುತ್ತಾರೆ. ಹೊರಗಿನ ಖಾನೆಗಳ ಬೀಗದ ಕೈ ಡ್ರೈವರ್ ಹತ್ತಿರವೇ ಇರಲಿ.

ಪ್ರಶ್ನೆ: ಫ್ರಿಜ್, ಒಲೆ ಎಲ್ಲ ಇದೆಯಲ್ಲ, ಮನೆಯಿಂದಲೇ ಅಡುಗೆ ಸಾಮಾನು ಒಯ್ಯಬಹುದೇ?

ಅಕ್ಕಿ, ಬೇಳೆ, ಸಾರಿನ ಪುಡಿ, ಉಪ್ಪಿನಕಾಯಿ ಒಯ್ಯಿರಿ, ಲೇಬಲ್ ಇರುವ ಪ್ಯಾಕೆಟ್ಟಿನಲ್ಲೇ. ಸ್ಟೀಲ್ ಡಬ್ಬಿಗೆ ಸುರಿದ ಪುಡಿ ಏನೆಂದು ವಿವರಿಸುವುದರಲ್ಲೇ ಹೊತ್ತು ಹೋಗುತ್ತದೆ. ಹಣ್ಣು, ತರಕಾರಿ ಆಚೆಯೇ ಕೊಳ್ಳಿ. ಅಬಾಟ್ಸ್‌ಫರ್ಡ್‌ನಲ್ಲಿ ಪಂಜಾಬಿ ಅಂಗಡಿಗಳಿಗೆ ಕೊರತೆಯಿಲ್ಲ. ಕ್ಯಾಂಪ್‌ಫೈರ್ ಸೌದೆ ಒಯ್ಯಲೇಬೇಡಿ, ತೊಗಟೆಯೊಳಗಿನ ಕೀಟ ಕಾಡಿಗೆ ಹೋಗುತ್ತದೆ.

ನಮ್ಮವರು ಹೆಚ್ಚು ಸಿಕ್ಕಿಬೀಳುವುದು ವಾಪಸಾಗುವಾಗ, ಅದೂ ಕರಿಬೇವಿಗೆ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಸಿಲ್ಲಿಡ್ ಕೀಟ ಅದರ ಮೇಲೂ ಬದುಕುತ್ತದೆ, ಹಾಗಾಗಿ ಹಸಿ ಕರಿಬೇವು ಒಳಗೆ ಬಿಡುವುದಿಲ್ಲ. ಕಿತ್ತಳೆ, ನಿಂಬೆ, ಮಾವು ಕೆನಡಾದಲ್ಲಿ ಬೆಳೆದವಲ್ಲವಾದ್ದರಿಂದ ಅವಕ್ಕೂ ಇದೇ ಗತಿ, ನೀವು ಸಿಯಾಟಲ್‌ನಲ್ಲೇ ಕೊಂಡಿದ್ದರೂ. ಕೊನೆಯ ಕ್ಯಾಂಪಿನಲ್ಲಿ ಚಿತ್ರಾನ್ನ ಮಾಡಿ ಮುಗಿಸಿ. ಉಳಿದಿದ್ದರೆ ಬಾಯಿಬಿಟ್ಟು ಹೇಳಿ: ಹೇಳಿದರೆ ಕಿತ್ತುಕೊಳ್ಳುತ್ತಾರೆ ಅಷ್ಟೆ, ಮುಚ್ಚಿಟ್ಟರೆ ದಂಡ.

ಪ್ರಶ್ನೆ: ನಾಯಿಯನ್ನು ಕರೆದೊಯ್ಯುವುದು ಹೇಗೆ?

ಕೆನಡಾಗೆ ಪಶುವೈದ್ಯರು ಸಹಿ ಮಾಡಿದ ರೇಬೀಸ್ ಲಸಿಕೆ ಪತ್ರ ಬೇಕು. ಮರಳುವಾಗ ಬೇರೆ ನಿಯಮ: 2024ರ ಆಗಸ್ಟ್ 1ರಿಂದ ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಮೈಕ್ರೋಚಿಪ್ ಇರಬೇಕು, ಸಿಡಿಸಿಯ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಡಾಗ್ ಇಂಪೋರ್ಟ್ ಫಾರ್ಮ್ ರಸೀದಿ ತೋರಿಸಬೇಕು. ಫಾರ್ಮ್ ಉಚಿತ, ಆನ್‌ಲೈನಿನಲ್ಲೇ ತುಂಬಬಹುದು. ಹೊರಡುವ ಮುನ್ನವೇ ತುಂಬಿ ಪ್ರಿಂಟ್ ತೆಗೆದಿಡಿ. ರಾಕಿ ಪರ್ವತಗಳ ನಡುವೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ.