ಓದುಗರ ಪ್ರಶ್ನೆ: ಹನ್ನೆರಡು ಕುರ್ಚಿಗೆ 1,373 ಮಂದಿ

ಸಾಮಾನ್ಯ ನಾಗರಿಕರೇ ಕೂತು ತೀರ್ಪು ಹೇಳುವ ಅಮೆರಿಕದ ಜ್ಯೂರಿ ಪದ್ಧತಿಯ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಬಾಸ್ಟನ್ ಮ್ಯಾರಥಾನ್ ಸ್ಫೋಟದ ಮೊಕದ್ದಮೆಯ ಕುರಿತು. 2013ರ ಏಪ್ರಿಲ್ 15ರ ಆ ಸ್ಫೋಟದಲ್ಲಿ ಮೂವರು ಸತ್ತರು, ನೂರಾರು ಮಂದಿ ಗಾಯಗೊಂಡರು. ಬಾಂಬಿಟ್ಟವರಲ್ಲಿ ಒಬ್ಬನಾದ ಜೊಖರ್ ಸಾರ್ನಾಯೆವ್‌ಗೆ 2015ರ ಮೇ ತಿಂಗಳಲ್ಲಿ ಜ್ಯೂರಿ ಮರಣದಂಡನೆ ವಿಧಿಸಿತು.

ಪ್ರಶ್ನೆ: ಹನ್ನೆರಡು ಜನ ಬೇಕಾದ ಕಡೆ 1,373 ಮಂದಿಯನ್ನು ಕರೆಸಿದರಂತೆ. ಚೀಟಿ ಎತ್ತಿ ಹನ್ನೆರಡು ಹೆಸರು ತೆಗೆದರೆ ಆಗದೆ? – ಓದುಗರು, ಮೈಸೂರು

ಚೀಟಿ ಎತ್ತುವುದು ಮೊದಲ ಹೆಜ್ಜೆ, ಅಷ್ಟೇ. ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಂಥ ದಾಖಲೆಗಳಿಂದ ಯಾವ ಆಯ್ಕೆಯೂ ಇಲ್ಲದೆ ಹೆಸರು ತೆಗೆದು ಸಮನ್ಸ್ ಕಳಿಸುತ್ತಾರೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ತೆಗೆದುಹಾಕುವ ಕೆಲಸ. ಯಾವ ವಕೀಲರೂ ಒಬ್ಬರನ್ನು ತೋರಿಸಿ 'ಇವರು ನನಗಿರಲಿ' ಎನ್ನುವಂತಿಲ್ಲ. 'ಇವರು ಬೇಡ' ಎನ್ನಬಹುದು. ಎರಡೂ ಕಡೆಯವರು ಬೇಡವೆಂದು ಮುಗಿಸಿದ ಮೇಲೆ ಉಳಿದವರೇ ಜ್ಯೂರಿ.

ಬಾಸ್ಟನ್ ಲೆಕ್ಕವನ್ನೇ ನೋಡಿ. 2015ರ ಜನವರಿ 5ರಿಂದ ಕೋರ್ಟಿಗೆ ಬಂದ 1,373 ಮಂದಿಯೂ 28 ಪುಟಗಳ, 100 ಪ್ರಶ್ನೆಗಳ ಪ್ರಶ್ನಾವಳಿ ತುಂಬಿದರು. ಪ್ರಮಾಣ ಮಾಡಿ ತುಂಬುವ ಕಾಗದವಿದು. ಸುಳ್ಳು ಬರೆದರೆ ಅಪರಾಧ. ಕೆಲಸವೇನು, ಪೊಲೀಸ್ ಇಲಾಖೆಯಲ್ಲಿ ನೆಂಟರಿದ್ದಾರೆಯೆ, ಯಾವ ಪತ್ರಿಕೆ ಓದುತ್ತೀರಿ, ಮರಣದಂಡನೆಯ ಬಗ್ಗೆ ಏನನ್ನಿಸುತ್ತದೆ ಎಂಬುದೆಲ್ಲ ಇಂಥ ಪ್ರಶ್ನಾವಳಿಗಳಲ್ಲಿ ಇರುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದವರಿರುವವರು, ತಿಂಗಳುಗಟ್ಟಲೆ ಸಂಬಳ ಬಿಟ್ಟು ಕೂರಲಾಗದವರು, ಪ್ರಕರಣದ ಯಾರದೋ ಪರಿಚಯ ಇರುವವರು ಈ ಹಂತದಲ್ಲೇ ಉದುರುತ್ತಾರೆ. ಉಳಿದ 256 ಮಂದಿಯನ್ನು ನ್ಯಾಯಾಧೀಶರ ಮುಂದೆ ಮುಖಾಮುಖಿ ಪ್ರಶ್ನೋತ್ತರಕ್ಕೆ ಕರೆದರು. 'ವಾರ್ ಡೀರ್' ಎನ್ನುವುದು ಇದಕ್ಕೇ. ಸಾಮಾನ್ಯ ಮೊಕದ್ದಮೆಯಲ್ಲಿ ಗುಂಪಾಗಿ ಕೂರಿಸಿ ಕೇಳುವುದುಂಟು, ಆದರೆ ಇಂಥ ಪ್ರಕರಣದಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ. ನಲವತ್ತು ಮಂದಿಯ ಎದುರು ಒಬ್ಬರು ಎದ್ದು 'ಅವನು ಬಾಂಬಿಟ್ಟಿದ್ದನ್ನು ನಾನೇ ಟೀವಿಯಲ್ಲಿ ನೋಡಿದೆ' ಎಂದುಬಿಟ್ಟರೆ ಉಳಿದ ಮೂವತ್ತೊಂಬತ್ತು ಮಂದಿಯ ಕಿವಿಗೂ ಬಿತ್ತಲ್ಲ!

ಈ ಜರಡಿ ದಾಟಿದವರು 75. ಅಷ್ಟು ಮಂದಿ ಬೇಕಾಗುವುದಕ್ಕೆ ನಿಯಮದಲ್ಲೇ ಲೆಕ್ಕವಿದೆ. ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿನ ಮರಣದಂಡನೆ ಮೊಕದ್ದಮೆಯಲ್ಲಿ ಪ್ರತಿ ಪಕ್ಷವೂ ಕಾರಣ ಹೇಳದೆ 20 ಮಂದಿಯನ್ನು ಬಿಡಿಸಬಹುದು. ಬದಲಿ ಜ್ಯೂರರ್‌ಗಳು ಆರು ಮಂದಿ ಇದ್ದರೆ ಅದಕ್ಕೆಂದು ಇನ್ನೂ ಮೂರು. ಎರಡು ಕಡೆ ಸೇರಿ 46, ಜ್ಯೂರಿ 12, ಬದಲಿ 6, ಒಟ್ಟು 64. ಇದಕ್ಕಿಂತ ಕಡಿಮೆ ಜನರನ್ನಿಟ್ಟುಕೊಂಡು ಕೊನೆಯ ಸುತ್ತಿಗೆ ಹೋದರೆ ಕುರ್ಚಿ ಖಾಲಿ ಉಳಿಯುವ ಅಪಾಯವಿದೆ. ಕೊಲೊರಾಡೊದ ಅರೋರಾ ಚಿತ್ರಮಂದಿರದ ಗುಂಡಿನ ದಾಳಿ ಪ್ರಕರಣದಲ್ಲಿ ಸಮನ್ಸ್ ಹೋಗಿದ್ದು 9,000 ಮಂದಿಗೆ. ಅಲ್ಲಿ 12 ಜ್ಯೂರರ್‌ಗಳ ಜೊತೆ 12 ಬದಲಿಗಳನ್ನೂ ಕೂರಿಸಿದರು. ತಿಂಗಳುಗಟ್ಟಲೆ ಎಳೆಯುವ ವಿಚಾರಣೆಯಲ್ಲಿ ಕಾಯಿಲೆ, ಸಾವು, ಬಾಯಿ ಬಿಟ್ಟು ಸಿಕ್ಕಿಬೀಳುವುದು, ಎಲ್ಲಕ್ಕೂ ಲೆಕ್ಕ ಇಟ್ಟುಕೊಳ್ಳಬೇಕು.

ಪ್ರಶ್ನೆ: ಮರಣದಂಡನೆಯೇ ತಪ್ಪು ಎನ್ನುವವರು ಜ್ಯೂರಿಯಲ್ಲಿ ಕೂರುವಂತಿಲ್ಲವೆ? ಹಾಗಿದ್ದರೆ ಅದು ಮೊದಲೇ ವಾಲಿದ ತಕ್ಕಡಿ ಆಗಲಿಲ್ಲವೆ? – ಓದುಗರು, ಧಾರವಾಡ

ವಾರಗಟ್ಟಲೆ ಸಮಯ ತಿನ್ನುವುದು ಇದೇ ವಿಷಯ. 1968ಕ್ಕೆ ಮೊದಲು ಇಲಿನಾಯ್ ರಾಜ್ಯದಲ್ಲಿ ಮರಣದಂಡನೆಯ ಬಗ್ಗೆ ಅಳುಕಿದೆ ಎಂದವರನ್ನೆಲ್ಲ ಸಾರಾಸಗಟಾಗಿ ಮನೆಗೆ ಕಳಿಸಬಹುದಿತ್ತು. ಆ ವರ್ಷ ವಿದರ್‌ಸ್ಪೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. ಇಷ್ಟವಿಲ್ಲ ಎಂದ ಮಾತ್ರಕ್ಕೆ ಯಾರನ್ನೂ ಹೊರಗಿಡುವಂತಿಲ್ಲ. 1985ರ ವಿಟ್ ತೀರ್ಪು ಅಳತೆಯನ್ನು ಸ್ವಲ್ಪ ಸಡಿಲಿಸಿತು: ಆ ವ್ಯಕ್ತಿಯ ಅಭಿಪ್ರಾಯ, ಕಾನೂನಿನಂತೆ ಜ್ಯೂರರ್ ಕೆಲಸ ಮಾಡುವುದಕ್ಕೆ ಗಣನೀಯವಾಗಿ ಅಡ್ಡಿಯಾಗುತ್ತದೆಯೆ? ಆಗುತ್ತದೆ ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ ಹೊರಗೆ. ಇನ್ನೊಂದು ತುದಿಯವರಿಗೂ ಇದೇ ಅಳತೆ ಎಂದು 1992ರ ಮಾರ್ಗನ್ ತೀರ್ಪು ಹೇಳಿತು. 'ಕೊಲೆ ಸಾಬೀತಾಯಿತೇ? ಹಾಗಾದರೆ ಸಾವೇ' ಎನ್ನುವವರೂ ಅನರ್ಹರು, ಅಂಥವರನ್ನು ಪತ್ತೆ ಮಾಡುವ ಪ್ರಶ್ನೆ ಕೇಳಿಸುವ ಹಕ್ಕು ಆರೋಪಿಗಿದೆ.

ಹೇಳಿದಷ್ಟು ಸುಲಭವಲ್ಲ. 'ಮರಣದಂಡನೆಗೆ ಮತ ಹಾಕುತ್ತೀರಾ?' ಎಂದರೆ ಹೆಚ್ಚಿನವರ ಉತ್ತರ 'ನೋಡಬೇಕು'. ಆಗ ಎಳೆದಾಟ ಶುರು. ಸರ್ಕಾರಿ ವಕೀಲರು ಕೇಳುತ್ತಾರೆ: 'ಆರೋಪಿ ಎದುರಿಗೇ ಕೂತಿರುವಾಗ, ಈ ಮನುಷ್ಯ ಸಾಯಲಿ ಎಂಬ ತೀರ್ಮಾನಕ್ಕೆ ನಿಮ್ಮ ಕೈಯಾರೆ ಮತ ಹಾಕಬಲ್ಲಿರಾ?' ಉತ್ತರದಲ್ಲಿ ಕೊಂಚ ನಡುಕ ಕಂಡರೆ ಬಿಡಿಸಿ ಎಂದು ಕೋರುತ್ತಾರೆ. ಅದೇ ವ್ಯಕ್ತಿಯನ್ನು ಆರೋಪಿ ಪರ ವಕೀಲರು ಕೇಳುವುದೇ ಬೇರೆ: 'ಎರಡೂ ಕಡೆಯ ಸಾಕ್ಷ್ಯ ಕೇಳಿ, ನ್ಯಾಯಾಧೀಶರು ಹೇಳಿದ ಕಾನೂನಿನಂತೆ ಎರಡೂ ಶಿಕ್ಷೆಗಳನ್ನು ತೂಗಿ ನೋಡಬಲ್ಲಿರಾ?' 'ಹೂಂ' ಎಂದರೆ ಉಳಿಸಿಕೊಳ್ಳಲು ದಾರಿಯಾಯಿತು. ಬರೀ ತಲೆ ಆಡಿಸಿದರೆ ಸಾಲದು, ನಡಾವಳಿಯಲ್ಲಿ ದಾಖಲಾಗುವಂತೆ ಬಾಯಿಬಿಟ್ಟು ಹೇಳಬೇಕು. ಆ ಒಂದು 'ಹೂಂ' ಹತ್ತು ವರ್ಷದ ನಂತರ ಮೇಲಿನ ಕೋರ್ಟಿನಲ್ಲಿ ಲೆಕ್ಕಕ್ಕೆ ಬರುತ್ತದೆ.

ತಪ್ಪಿದರೆ ಬೀಳುವ ಪೆಟ್ಟೂ ಎರಡು ಕಡೆಗೆ ಒಂದೇ ಅಲ್ಲ. ಕೂರಲು ಅರ್ಹರಾಗಿದ್ದ ಒಬ್ಬರೇ ಒಬ್ಬರನ್ನು ಮರಣದಂಡನೆಯ ಅಭಿಪ್ರಾಯದ ಕಾರಣಕ್ಕೆ ತಪ್ಪಾಗಿ ಹೊರಗೆ ಹಾಕಿದ್ದರೂ ಮರಣದಂಡನೆ ರದ್ದು ಎಂದು 1987ರ ಗ್ರೇ ಪ್ರಕರಣ ಹೇಳುತ್ತದೆ. ತಪ್ಪಿತಸ್ಥ ಎಂಬ ತೀರ್ಪು ಉಳಿದು, ಶಿಕ್ಷೆ ಮಾತ್ರ ಹೋಗುತ್ತದೆ. ತಿರುಗುಮುರುಗಾಗಿ, ಬಿಡಿಸಲೇಬೇಕಿದ್ದ ಪಕ್ಷಪಾತಿಯನ್ನು ನ್ಯಾಯಾಧೀಶರು ಬಿಡಿಸದೆ, ಆರೋಪಿ ತನ್ನ ಕಾರಣವಿಲ್ಲದ ಆಕ್ಷೇಪಣೆಗಳಲ್ಲಿ ಒಂದನ್ನು ಖರ್ಚು ಮಾಡಿ ಆ ವ್ಯಕ್ತಿಯನ್ನು ತೆಗೆದರೆ, ಅಷ್ಟರಿಂದಲೇ ತೀರ್ಪು ರದ್ದಾಗದು (ರಾಸ್ ಪ್ರಕರಣ, 1988). ನಮಗೆ ಇದು ಸರಿಕಾಣುವುದಿಲ್ಲ, ಆದರೆ ಕಾನೂನು ಇರುವುದು ಹಾಗೆ.

ಇನ್ನು ತಕ್ಕಡಿಯ ಮಾತು. ಕಟ್ಟಾ ವಿರೋಧಿಗಳನ್ನು ತೆಗೆದ ಜ್ಯೂರಿ 'ತಪ್ಪಿತಸ್ಥ' ಎನ್ನುವ ಕಡೆಗೇ ಹೆಚ್ಚು ವಾಲುತ್ತದೆ ಎಂಬ ವಾದ 1986ರ ಲಾಕ್‌ಹಾರ್ಟ್ ಪ್ರಕರಣದಲ್ಲಿ ಅಧ್ಯಯನಗಳ ಸಮೇತ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅದು ನಿಜವೆಂದು ಇಟ್ಟುಕೊಂಡರೂ ಸಂವಿಧಾನಕ್ಕೆ ಭಂಗವಿಲ್ಲ ಎಂದಿತು ಕೋರ್ಟು. ಬಾಸ್ಟನ್‌ನಲ್ಲಿ ಈ ಪ್ರಶ್ನೆ ಇನ್ನೂ ಹರಿತವಾಗಿತ್ತು: ಮ್ಯಾಸಚುಸೆಟ್ಸ್ ರಾಜ್ಯದ ಕಾನೂನಿನಲ್ಲಿ ಮರಣದಂಡನೆಯೇ ಇಲ್ಲ. ಮೊಕದ್ದಮೆ ಫೆಡರಲ್ ಕಾನೂನಿನಡಿ ನಡೆದದ್ದರಿಂದ ಆ ಶಿಕ್ಷೆ ಬಂತು.

ಪ್ರಶ್ನೆ: ಇಡೀ ಊರೇ ಟೀವಿಯಲ್ಲಿ ನೋಡಿದ ಘಟನೆ. ಏನೂ ಗೊತ್ತಿಲ್ಲದವರನ್ನು ಎಲ್ಲಿಂದ ತರುತ್ತಾರೆ? – ಓದುಗರು, ಉಡುಪಿ

ಏನೂ ಗೊತ್ತಿಲ್ಲದವರು ಬೇಕಾಗಿಲ್ಲ. ಗೊತ್ತಿದ್ದರೂ ಅದನ್ನು ಬದಿಗಿಟ್ಟು, ಕೋರ್ಟಿನೊಳಗೆ ಬಂದ ಸಾಕ್ಷ್ಯದ ಮೇಲೆ ಮಾತ್ರ ತೀರ್ಮಾನಿಸಬಲ್ಲವರು ಸಾಕು. 'ಬದಿಗಿಡುತ್ತೇನೆ' ಎಂಬ ಮಾತನ್ನು ಎಷ್ಟು ನಂಬಬೇಕು ಎಂಬಲ್ಲೇ ಜಗಳ. 1961ರ ಇರ್ವಿನ್ ಪ್ರಕರಣದಲ್ಲಿ, ಕೂತ ಹನ್ನೆರಡರಲ್ಲಿ ಎಂಟು ಮಂದಿ ಆರೋಪಿ ತಪ್ಪಿತಸ್ಥನೆಂದು ತಮಗೆ ಮೊದಲೇ ಅನ್ನಿಸಿತ್ತು ಎಂದಿದ್ದರು. ಸುಪ್ರೀಂ ಕೋರ್ಟು ತೀರ್ಪನ್ನೇ ಅಳಿಸಿತು. ಜಾಗ ಬದಲಿಸುವುದು ಇನ್ನೊಂದು ದಾರಿ. 1995ರ ಒಕ್ಲಹೋಮ ಸಿಟಿ ಸ್ಫೋಟದ ಆರೋಪಿ ಟಿಮೊತಿ ಮೆಕ್‌ವೇಯ ವಿಚಾರಣೆಯನ್ನು ನ್ಯಾಯಾಧೀಶ ರಿಚರ್ಡ್ ಮ್ಯಾಚ್ ಡೆನ್ವರ್‌ಗೆ ಸಾಗಿಸಿದರು. ಬಾಸ್ಟನ್‌ನಲ್ಲಿ ನ್ಯಾಯಾಧೀಶ ಜಾರ್ಜ್ ಓಟೂಲ್ ಅದೇ ಕೋರಿಕೆಯನ್ನು ತಳ್ಳಿಹಾಕಿದರು.

ಅಲ್ಲಿ ಕೊನೆಗೆ ಕೈಕೊಟ್ಟದ್ದು ಕೇಳದೆ ಬಿಟ್ಟ ಒಂದು ಪ್ರಶ್ನೆ. 'ಈ ಪ್ರಕರಣದ ಬಗ್ಗೆ ನಿಮಗೇನು ಗೊತ್ತು?' ಎಂದು ಪ್ರತಿಯೊಬ್ಬರನ್ನೂ ಕೇಳಿ ಎಂದಿದ್ದರು ಆರೋಪಿ ಪರ ವಕೀಲರು. ಹಾಗೆ ಕೇಳಿದರೆ ಉತ್ತರಕ್ಕೆ ತಲೆಬುಡ ಇರುವುದಿಲ್ಲ ಎಂಬುದು ನ್ಯಾಯಾಧೀಶರ ನಿಲುವು. ಬದಲಿಗೆ, ಸುದ್ದಿ ನೋಡಿ ಅಭಿಪ್ರಾಯ ಮಾಡಿಕೊಂಡಿದ್ದೀರಾ, ಅದನ್ನು ಬದಿಗಿಡಬಲ್ಲಿರಾ ಎಂದು ಕೇಳಿಸಿದರು. 2020ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಇದು ಸಾಲದೆಂದು ಮರಣದಂಡನೆಯನ್ನು ರದ್ದು ಮಾಡಿತು. 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು 6–3ರಿಂದ ಅದನ್ನು ಮರಳಿ ತಂದಿತು: ಏನು ಕೇಳಬೇಕೆಂಬುದು ವಿಚಾರಣಾ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಅಲ್ಲಿಗೂ ಮುಗಿಯಲಿಲ್ಲ. ಇಬ್ಬರು ಜ್ಯೂರರ್‌ಗಳು ಸಾಮಾಜಿಕ ಜಾಲತಾಣದ ವಿಚಾರದಲ್ಲಿ ನಿಜ ಹೇಳಿರಲಿಲ್ಲ ಎಂಬ ಆರೋಪವನ್ನು ಸರಿಯಾಗಿ ವಿಚಾರಿಸಿ ಎಂದು 2024ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಪ್ರಕರಣವನ್ನು ಕೆಳಗೆ ಕಳಿಸಿತು. ಆಯ್ಕೆಯ ಹಂತದಲ್ಲಿ ಒಂದು ವಾರ ಉಳಿಸಲು ಹೋಗಿ ಒಂಬತ್ತು ವರ್ಷ ಕಳೆಯುವುದು ಎಂದರೆ ಹೀಗೇ.

ಪ್ರಶ್ನೆ: ಕಾರಣ ಹೇಳದೆ ಬಿಡಿಸಬಹುದು ಎಂದರೆ ಬಣ್ಣ ನೋಡಿ ಬಿಡಿಸುವುದಕ್ಕೂ ರಹದಾರಿ ಆಗಲಿಲ್ಲವೆ? – ಓದುಗರು, ಕಲಬುರಗಿ

ಬಹುಕಾಲ ಆಗಿತ್ತು. 1986ರ ಬ್ಯಾಟ್‌ಸನ್ ತೀರ್ಪಿನಿಂದ ಜನಾಂಗದ ಕಾರಣಕ್ಕೆ, 1994ರಿಂದ ಹೆಣ್ಣು ಗಂಡು ಎಂಬ ಕಾರಣಕ್ಕೆ ಬಿಡಿಸುವಂತಿಲ್ಲ. ಎದುರು ಪಕ್ಷ ಆಕ್ಷೇಪ ಎತ್ತಿ, ಅದರಲ್ಲಿ ಹುರುಳಿದೆ ಎಂದು ಮೇಲ್ನೋಟಕ್ಕೆ ಕಂಡರೆ, ಬಿಡಿಸಿದ ವಕೀಲರು ಜನಾಂಗಕ್ಕೆ ಸಂಬಂಧವಿಲ್ಲದ ಕಾರಣ ಕೊಡಬೇಕು. ಅದು ನಿಜವೋ ನೆಪವೋ ಎಂದು ನ್ಯಾಯಾಧೀಶರು ನಿರ್ಧರಿಸುತ್ತಾರೆ. ತೊಂದರೆಯೆಂದರೆ ನೆಪಕ್ಕೆ ಬರವಿಲ್ಲ: ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ, ವಯಸ್ಸು ಕಡಿಮೆ, ಮಗನಿಗೆ ಆರೋಪಿಯ ವಯಸ್ಸು.

ನೆಪ ಬಯಲಾಗುವುದು ಕಾಗದದಿಂದ. ಜಾರ್ಜಿಯಾದಲ್ಲಿ 1987ರಲ್ಲಿ ವಿಚಾರಣೆಯಾದ ಫಾಸ್ಟರ್ ಪ್ರಕರಣದಲ್ಲಿ, ಕೊನೆಯ ಸುತ್ತಿಗೆ ಉಳಿದ ನಾಲ್ವರು ಕರಿಯರನ್ನೂ ಪ್ರಾಸಿಕ್ಯೂಷನ್ ಬಿಡಿಸಿತ್ತು. ವರ್ಷಗಳ ನಂತರ ನಮ್ಮ ಮಾಹಿತಿ ಹಕ್ಕಿನಂಥದೇ ಕಾನೂನಿನಡಿ ಆರೋಪಿ ಫಾಸ್ಟರ್ ಕಡೆಯವರು ಆ ಸರ್ಕಾರಿ ವಕೀಲರ ಕಡತ ಕೇಳಿ ಪಡೆದರು. ಕರಿಯರ ಹೆಸರಿಗೆಲ್ಲ ಹಸಿರು ಬಣ್ಣ ಬಳಿದು ಪಕ್ಕದಲ್ಲಿ 'ಬಿ' (ಬ್ಲ್ಯಾಕ್) ಎಂದು ಗುರುತು ಹಾಕಿತ್ತು. 2016ರಲ್ಲಿ ಸುಪ್ರೀಂ ಕೋರ್ಟು ಫಾಸ್ಟರ್ ಪರ ತೀರ್ಪು ಕೊಟ್ಟಿತು. ಇನ್ನೊಂದು ದಾರಿ ಹೋಲಿಕೆ. ಮಿಸಿಸಿಪ್ಪಿಯಲ್ಲಿ ಕರ್ಟಿಸ್ ಫ್ಲವರ್ಸ್ ಎಂಬ ಕರಿಯನನ್ನು ಒಂದೇ ಪ್ರಕರಣಕ್ಕೆ ಆರು ಸಲ ವಿಚಾರಣೆಗೆ ಒಳಪಡಿಸಿದರು. ಆರೂ ಸೇರಿ 42 ಕರಿಯ ಜ್ಯೂರರ್‌ಗಳಲ್ಲಿ 41 ಮಂದಿಯನ್ನು ತೆಗೆದರು. ಆರನೇ ಸಲ, ಬಿಡಿಸಿದ ಐವರು ಕರಿಯರಿಗೆ ಪ್ರಾಸಿಕ್ಯೂಷನ್ ಕೇಳಿದ್ದು 145 ಪ್ರಶ್ನೆ. ಕೂತ 11 ಬಿಳಿಯರಿಗೆ ಎಲ್ಲ ಸೇರಿ 12. 2019ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು, ಮರುವರ್ಷ ಆರೋಪಗಳನ್ನೇ ಕೈಬಿಟ್ಟರು. ಇದೆಲ್ಲ ನೋಡಿದ ಆರಿಜೋನಾ ರಾಜ್ಯ 2022ರ ಜನವರಿಯಿಂದ ಕಾರಣವಿಲ್ಲದ ಆಕ್ಷೇಪಣೆಯನ್ನೇ ತೆಗೆದುಹಾಕಿದೆ. ಉಳಿದ ಕಡೆಯೂ ಅದೇ ಆಗಬೇಕೆಂಬುದು ನಮ್ಮ ಮತ.

ಪ್ರಶ್ನೆ: ಹನ್ನೊಂದು ಮಂದಿ ಹೌದೆಂದು ಒಬ್ಬರು ಬೇಡವೆಂದರೆ? – ಓದುಗರು, ತುಮಕೂರು

ಫೆಡರಲ್ ಕೋರ್ಟಿನಲ್ಲಿ ಒಬ್ಬರು ಬೇಡವೆಂದರೂ ಮರಣದಂಡನೆ ವಿಧಿಸುವಂತಿಲ್ಲ. ಅರೋರಾ ಪ್ರಕರಣ ಕೊಲೊರಾಡೊ ರಾಜ್ಯದ ಕೋರ್ಟಿನದು. ಅಲ್ಲೂ ಒಮ್ಮತ ಬೇಕಿತ್ತು, ಸಿಗದೆ ಜೀವಾವಧಿಯಾಯಿತು. ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯಾಕಾಂಡದಲ್ಲಿ 2022ರಲ್ಲಿ 9–3 ಆಗಿ ಅದೇ ಫಲ ಬಂತು. ಅದರ ಸಿಟ್ಟಿಗೆ ಫ್ಲೋರಿಡಾ 2023ರಲ್ಲಿ 8–4 ಇದ್ದರೂ ಸಾಕೆಂದು ಕಾನೂನು ತಿದ್ದಿತು. ಒಮ್ಮತ ಬೇಕಾದ ಕಡೆ ಆರೋಪಿ ಪರ ವಕೀಲರು ಹುಡುಕುವುದು ಹನ್ನೆರಡು ಸ್ನೇಹಿತರನ್ನಲ್ಲ, ಒತ್ತಡಕ್ಕೆ ಬಗ್ಗದ ಒಬ್ಬರನ್ನು.

ಪ್ರಶ್ನೆ: ನಮ್ಮಲ್ಲಿ ಜ್ಯೂರಿ ಹೋದದ್ದು ನಾನಾವತಿ ಪ್ರಕರಣದಿಂದಲೇ? – ಓದುಗರು, ಬೆಂಗಳೂರು

ಅದೊಂದೇ ಕಾರಣ ಎನ್ನುವುದು ಉತ್ಪ್ರೇಕ್ಷೆ. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಆರೋಪ ಹೊತ್ತ ನೌಕಾಪಡೆಯ ಅಧಿಕಾರಿ ನಾನಾವತಿಯನ್ನು 1959ರಲ್ಲಿ ಮುಂಬೈ ಜ್ಯೂರಿ 8–1ರಿಂದ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು. ಆಮೇಲೂ ಕೆಲವೆಡೆ ಜ್ಯೂರಿ ನಡೆದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದಕ್ಕೆ ಜಾಗ ಕೊಡಲಿಲ್ಲ. ಈಗ ಸೆಷನ್ಸ್ ನ್ಯಾಯಾಧೀಶರೇ ಶಿಕ್ಷೆ ಹೇಳುತ್ತಾರೆ, ಮರಣದಂಡನೆಯಾದರೆ ಹೈಕೋರ್ಟು ದೃಢಪಡಿಸಬೇಕು. ಆದರೆ ಆ ನ್ಯಾಯಾಧೀಶರಿಗೆ ಮರಣದಂಡನೆಯ ಬಗ್ಗೆ ಏನನ್ನಿಸುತ್ತದೆ ಎಂದು ಕೇಳುವ ಅವಕಾಶ ಆರೋಪಿಗೆ ಇಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗಳು ಅಲ್ಲಿನ ಪೌರಳು, ಅಳಿಯಂದಿರು ಎಚ್-1ಬಿ ವೀಸಾದಲ್ಲಿದ್ದಾರೆ. ಇಬ್ಬರಿಗೂ ಜ್ಯೂರಿ ಸಮನ್ಸ್ ಬಂದಿದೆ. ಏನು ಮಾಡಬೇಕು? – ಓದುಗರು, ಹಾಸನ

ಅಳಿಯಂದಿರದ್ದು ಮೊದಲು. ಲೈಸೆನ್ಸ್ ಪಟ್ಟಿಯಿಂದ ಹೆಸರು ತೆಗೆಯುವ ಕಡೆ ಪೌರರಲ್ಲದವರಿಗೂ ಸಮನ್ಸ್ ಬರುತ್ತದೆ. ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಪೌರರಲ್ಲದವರು ಜ್ಯೂರಿಯಲ್ಲಿ ಕೂರುವಂತಿಲ್ಲ. ಹಾಗೆಂದು ಕಾಗದವನ್ನು ಕಸಕ್ಕೆ ಹಾಕಬಾರದು. 'ಪೌರನಲ್ಲ' ಎಂಬ ಕಡೆ ಗುರುತು ಹಾಕಿ, ಸಹಿ ಮಾಡಿ, ಕೊಟ್ಟ ಗಡುವಿನೊಳಗೆ ಹಿಂದಿರುಗಿಸಬೇಕು; ಪುರಾವೆ ಕೇಳಿದರೆ ಪ್ರತಿ ಕಳಿಸಬೇಕು. ಕೈತಪ್ಪಿಯೂ 'ಪೌರ' ಎಂದು ಗುರುತು ಹಾಕದಿರಲಿ: ಪೌರತ್ವದ ಸುಳ್ಳು ಹೇಳಿಕೆ ಮುಂದೆ ಗ್ರೀನ್ ಕಾರ್ಡಿಗೇ ಕಂಟಕ.

ಮಗಳು ಹೋಗಲೇಬೇಕು. ಫೆಡರಲ್ ಕೋರ್ಟಾದರೆ ದಿನಕ್ಕೆ 50 ಡಾಲರ್ ಭತ್ಯೆ, ಹತ್ತು ದಿನ ದಾಟಿದ ಮೇಲೆ 60ರವರೆಗೆ ಕೊಡಬಹುದು. ಈ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಮಗುವಿನ ಆರೈಕೆಯಂಥ ನಿಜವಾದ ತೊಂದರೆ ಇದ್ದರೆ ಮೊದಲೇ ಬರೆದು ವಿನಾಯಿತಿ ಕೇಳಬಹುದು. ಮರಣದಂಡನೆಯ ಮೊಕದ್ದಮೆಯೇ ಆಗಿದ್ದರೆ, ಪ್ರಶ್ನಾವಳಿ ಕೈಗೆ ಬಂದ ಹೊತ್ತಿನಿಂದ ಪ್ರಕರಣದ ಬಗ್ಗೆ ಗೂಗಲ್ ಮಾಡುವುದು, ಫೇಸ್‌ಬುಕ್‌ನಲ್ಲಿ ಬರೆಯುವುದು, ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಹೇಳುವುದು ಎಲ್ಲ ಬಂದ್. ಎಲ್ಲರಿಗೂ ಕಾಣುವ ಪೋಸ್ಟ್‌ಗಳನ್ನು ವಕೀಲರು ತೆರೆದು ನೋಡಬಹುದು, ನೋಡುತ್ತಾರೆ ಕೂಡ. ಫ್ರೆಂಡ್ ರಿಕ್ವೆಸ್ಟ್ ಕಳಿಸುವಂತಿಲ್ಲ, ಅಷ್ಟೇ. ತಪ್ಪಿಸಿಕೊಳ್ಳಲೆಂದು ಇಲ್ಲದ ಅಭಿಪ್ರಾಯವನ್ನು ಬರೆಯಬಾರದು, ಕೂರಲೇಬೇಕೆಂದು ಇರುವ ಅಭಿಪ್ರಾಯವನ್ನು ಮುಚ್ಚಿಡಬಾರದು. ಮರಣದಂಡನೆಯ ಬಗ್ಗೆ ಇನ್ನೂ ಯೋಚಿಸಿಲ್ಲವಾದರೆ ಹಾಗೆಂದೇ ಬರೆಯಲಿ.