ಮೊದಲು ರೆಫರಲ್, ಆಮೇಲೆ ಅಡ್ಮಿಷನ್

ಪ್ರಶ್ನೆ: ಅಪ್ಪನ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆ, ಸ್ಟೆಂಟ್ ಹಾಕಿಸಿ ಎಂದಿದ್ದಾರೆ. ಅವಸರವಿಲ್ಲವಂತೆ. ನಮ್ಮದು ಬಿಪಿಎಲ್ ಕಾರ್ಡು. ಖಾಸಗಿ ಆಸ್ಪತ್ರೆಗೆ ನೇರವಾಗಿ ಸೇರಿಸಿದರೆ ಸರ್ಕಾರ ದುಡ್ಡು ಕೊಡುತ್ತದೆಯೇ?
– ಓದುಗರು, ತಿಪಟೂರು

ಉತ್ತರ: ಕೊಡುವುದಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು, ನಿಜ. ಆ ಮಿತಿ ಇಡೀ ಮನೆಗೆ, ತಲೆಗೆ ಅಷ್ಟಷ್ಟಲ್ಲ. ತುರ್ತಲ್ಲದ ಕೇಸಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೆ ಖಾಸಗಿಯಲ್ಲಿ ಯೋಜನೆ ನಡೆಯುವುದಿಲ್ಲ. ಮೊದಲು ದುಡ್ಡು ಕಟ್ಟಿ ಆಮೇಲೆ ಬಿಲ್ ಕೊಟ್ಟು ವಾಪಸ್ ಪಡೆಯುವ ದಾರಿಯೂ ಇದರಲ್ಲಿಲ್ಲ. ಹೆಚ್ಚಿನವರು ಎಡವುವುದೇ ಇಲ್ಲಿ.

ರೇಷನ್ ಕಾರ್ಡು, ಆಧಾರ್, ಆಂಜಿಯೋಗ್ರಾಂ ವರದಿ ಹಿಡಿದು ಜಿಲ್ಲಾಸ್ಪತ್ರೆಗೆ ಹೋಗಿ. ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು ಇದೆಯೇ, ಆಧಾರಿನ ಹೆಸರಿಗೆ ಹೊಂದುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಒಂದು ಅಕ್ಷರದ ವ್ಯತ್ಯಾಸಕ್ಕೂ ಅಲೆದಾಡಬೇಕಾದೀತು. ಜಿಲ್ಲಾಸ್ಪತ್ರೆಯಲ್ಲಿ ಸ್ಟೆಂಟ್ ಹಾಕುವ ಸೌಲಭ್ಯ ಇಲ್ಲದಿದ್ದರೆ ಡಾಕ್ಟರು ಬೇರೆ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ. ಸರ್ಕಾರದ್ದೇ ಆದ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಬರೆದುಕೊಡುತ್ತೀರಾ ಎಂದು ಕೇಳಿ. ಖಾಸಗಿಗೇ ಹೋಗುವುದಾದರೆ ಅದು ಯೋಜನೆಯಲ್ಲಿ ನೋಂದಾಯಿತವೇ ಎಂದು 104ಕ್ಕೆ ಕರೆ ಮಾಡಿ ತಿಳಿದುಕೊಳ್ಳಿ. ಹೋದ ಕೂಡಲೇ ಆರೋಗ್ಯಮಿತ್ರರನ್ನು, ಅಂದರೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವವರನ್ನು, ಕಾಣಿ. ಯೋಜನೆಯ ಪೂರ್ವಾನುಮತಿ ಬಂದ ಮೇಲೇ ಅಪ್ಪನನ್ನು ಆಪರೇಷನ್‌ಗೆ ಕರೆದೊಯ್ಯಲಿ.

ಸ್ಟೆಂಟ್, ಔಷಧ, ಹಾಸಿಗೆ, ಊಟ ಎಲ್ಲವೂ ಪ್ಯಾಕೇಜಿನೊಳಗೇ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಒಟ್ಟು ದರದೊಳಗೇ, ಬರುತ್ತವೆ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧವೂ ಸೇರಿದೆ, ಕೇಳಿ ಪಡೆಯಿರಿ. ಆದರೆ ಇದು ಜನರಲ್ ವಾರ್ಡಿನ ಲೆಕ್ಕ. ಸ್ಪೆಷಲ್ ರೂಮಿಗೆ ಒಪ್ಪಿ ಸಹಿ ಹಾಕಿದರೆ ಲೆಕ್ಕಾಚಾರವೇ ಬೇರೆಯಾಗುತ್ತದೆ.

ಈ ನಡುವೆ ಎದೆನೋವು ಕಾಣಿಸಿದರೆ ರೆಫರಲ್ಲಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ತುರ್ತು ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಜೊತೆಯಲ್ಲಿರುವ ಒಬ್ಬರು ಅವತ್ತೇ ಆರೋಗ್ಯಮಿತ್ರರಿಗೆ ಕಾರ್ಡು ತೋರಿಸಲಿ.

ಪ್ರಶ್ನೆ: ನಮ್ಮದು ಎಪಿಎಲ್ ಕಾರ್ಡು. ಆಯುಷ್ಮಾನ್ ಯೋಜನೆಯಲ್ಲಿ ಶೇ 30 ಸಿಗುತ್ತದಂತೆ. ಬಿಲ್ 2 ಲಕ್ಷವಾದರೆ 60 ಸಾವಿರ ಬರುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಇಲ್ಲ. ಶೇ 30 ಎಂಬುದು ಸರ್ಕಾರದ ಪ್ಯಾಕೇಜ್ ದರಕ್ಕೆ, ಆಸ್ಪತ್ರೆಯ ಬಿಲ್ಲಿಗಲ್ಲ. ಪ್ಯಾಕೇಜ್ 1 ಲಕ್ಷ ಎಂದಿಟ್ಟುಕೊಳ್ಳಿ, ಸಿಗುವುದು 30 ಸಾವಿರ. ಉಳಿದದ್ದು ನಿಮ್ಮ ಕೈಯಿಂದ. ಅದಕ್ಕೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿಯಿದೆ. ಆಪರೇಷನ್‌ಗೆ ಮೊದಲೇ ಆಸ್ಪತ್ರೆಯಿಂದ ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯಿರಿ.

ಸಹಕಾರ ಸಂಘದ ಸದಸ್ಯರಾಗಿದ್ದರೆ ಅಂಥವರಿಗೆಂದೇ ಇರುವ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ವಿಚಾರಿಸಿ. 2022ರಲ್ಲಿ ಮತ್ತೆ ಶುರುವಾದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ ಇತ್ತು. ನೋಂದಣಿಗೆ ನಿಗದಿತ ಅವಧಿಯಿದೆ. ಕಾಯಿಲೆ ಬಂದ ಮೇಲೆ ಸಂಘಕ್ಕೆ ಓಡಿದರೆ ಬಾಗಿಲು ಮುಚ್ಚಿರಬಹುದು.